ಎಕ್ಸ್‌ರೇಯಲ್ಲಿ ಉಳಿದ ಕಲೆ

ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದ ವಲಸೆ ಠಾಣೆ 1892ರಲ್ಲಿ ತೆರೆಯಿತು. 1954ರಲ್ಲಿ ಮುಚ್ಚುವಷ್ಟರಲ್ಲಿ ಅದರ ಮೂಲಕ ಅಮೆರಿಕ ಸೇರಿದವರು 1.2 ಕೋಟಿಗೂ ಹೆಚ್ಚು. ಮೊದಲ ದಶಕಗಳಲ್ಲಿ, ಗಂಟುಮೂಟೆ ಹೊತ್ತು ಬಂದವರ ಮೇಲೆ ವೈದ್ಯರ ಕಣ್ಣು ಬೀಳುತ್ತಿದ್ದುದು ಕೆಲವೇ ಸೆಕೆಂಡು. ಅನುಮಾನ ಬಂದರೆ ಅವರ ಕೋಟಿನ ಮೇಲೆ ಸೀಮೆಸುಣ್ಣದ ಅಕ್ಷರ: ಹೃದಯಕ್ಕೆ ‘ಎಚ್’, ಕಣ್ಣಿಗೆ ‘ಇ’, ಬುದ್ಧಿಯ ಬಗ್ಗೆ ಶಂಕೆಯಿದ್ದರೆ ‘ಎಕ್ಸ್’. ಟ್ರಕೋಮಾ ಎಂಬ ಕಣ್ಣಿನ ಅಂಟುರೋಗ ಹುಡುಕಲು, ಬೂಟಿನ ಗುಂಡಿ ಹಾಕುವ ಕೊಕ್ಕೆಯಿಂದ ರೆಪ್ಪೆ ಮಗುಚುತ್ತಿದ್ದರು. ಮಕ್ಕಳಿಗೂ ವಿನಾಯಿತಿ ಇರಲಿಲ್ಲ. ಮೊದಲ ಮತ್ತು ಎರಡನೇ ದರ್ಜೆಯ ಪ್ರಯಾಣಿಕರಿಗೆ ಮಾತ್ರ ಹಡಗಿನಲ್ಲೇ ಮೇಲುಮೇಲಿನ ತಪಾಸಣೆ. ಅವರಲ್ಲಿ ಹೆಚ್ಚಿನವರು ದ್ವೀಪಕ್ಕೆ ಕಾಲಿಡದೆ ನೇರ ನಗರ ಸೇರುತ್ತಿದ್ದರು. ಸೋಂಕಿನ ಭಯಕ್ಕಿಂತ ಬಡವರ ಭಯವೇ ಅಲ್ಲಿ ದೊಡ್ಡದಾಗಿತ್ತು ಎನ್ನಲು ಇಷ್ಟು ಸಾಕು.

ಹೊರಗಿನಿಂದ ಬರುವವರ ಆರೋಗ್ಯ ನೋಡುವುದೇ ತಪ್ಪು ಎನ್ನಲಾರೆ. ಕ್ಷಯ ಗಾಳಿಯಲ್ಲಿ ಹರಡುತ್ತದೆ, ಎಲ್ಲಿಯ ಜನರನ್ನಾದರೂ ಅದರಿಂದ ಕಾಯಲೇಬೇಕು. ಆದರೆ ರೋಗ ಪತ್ತೆಯಾದ ಮೇಲೆ ಆ ಮನುಷ್ಯನ ಗತಿಯೇನು? ಇಂದು ಅಮೆರಿಕಕ್ಕೆ ನೆಲೆಸಲು ಹೊರಟ ಭಾರತೀಯರಲ್ಲಿ 15 ವರ್ಷ ತುಂಬಿದವರಿಗೆ ಎದೆಯ ಎಕ್ಸ್‌ರೇ ಕಡ್ಡಾಯ. ಸಕ್ರಿಯ ಕ್ಷಯ ಕಂಡರೆ ವೀಸಾ ತಡವಾಗುತ್ತದೆ. ಪೂರ್ತಿ ಚಿಕಿತ್ಸೆ ಪಡೆದು ಗುಣವಾದರೆ ದಾರಿ ಮತ್ತೆ ತೆರೆಯುತ್ತದೆ.

ಕೊಲ್ಲಿ ದೇಶಗಳಿಗೆ ದುಡಿಯಲು ಹೊರಟವರಿಗೆ ಮಾಡುವ ವೈದ್ಯಕೀಯ ತಪಾಸಣೆ, ‘ಮೆಡಿಕಲ್’, ಹಾಗಲ್ಲ. ಉಡುಪಿ, ಮಂಗಳೂರು, ಭಟ್ಕಳದ ಮನೆಗಳಿಗೆ ಇದು ಚೆನ್ನಾಗಿ ಗೊತ್ತು. ಎಂದೋ ಬಂದು ವಾಸಿಯಾದ ಕ್ಷಯದ ಕಲೆ ಶ್ವಾಸಕೋಶದಲ್ಲಿ ಕಂಡರೂ ಸಾಕು, ‘ಅನ್‌ಫಿಟ್’. ಆತ ಆರು ತಿಂಗಳು ತಪ್ಪದೆ ಮಾತ್ರೆ ನುಂಗಿದ್ದಕ್ಕೆ, ಈಗ ಯಾರಿಗೂ ಸೋಂಕು ಹರಡಲಾರ ಎಂಬುದಕ್ಕೆ ಅಲ್ಲಿ ಬೆಲೆಯಿಲ್ಲ. ಏಜೆಂಟನಿಗೆ ಕೊಡಲು ಒಡವೆ ಅಡವಿಟ್ಟ ಮನೆಗೆ ಆ ಒಂದು ಪದದ ಭಾರ ಎಷ್ಟೆಂಬುದು ನಿಯಮ ಬರೆದವರ ಕಣ್ಣಿಗೆ ಬೀಳುವುದಿಲ್ಲ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ: ಕೆಲಸ ಹೋಗುವ ಭಯಕ್ಕೆ ಜನ ಕೆಮ್ಮನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಕ್ಷಯವೇ ಹರಡುವುದು.

ಯುಎಇ 2016ರಲ್ಲಿ ಈ ನಿಯಮವನ್ನು ಸ್ವಲ್ಪ ಸಡಿಲಿಸಿತು. ಅಲ್ಲೇ ದುಡಿಯುತ್ತಿರುವವರಿಗೆ ವೀಸಾ ನವೀಕರಣದ ವೇಳೆ ಕ್ಷಯ ಪತ್ತೆಯಾದರೆ ಗಡೀಪಾರಿನ ಬದಲು ಚಿಕಿತ್ಸೆ ಕೊಡುವ ವ್ಯವಸ್ಥೆ ಬಂತು. ಹೊಸದಾಗಿ ಹೊರಟವರಿಗೂ ಇಂಥ ಅವಕಾಶ ಬೇಕು. ಎಕ್ಸ್‌ರೇಯಲ್ಲಿ ಕಲೆ ಕಂಡರೆ ಕಫ ಪರೀಕ್ಷೆ ಮಾಡಲಿ. ರೋಗಾಣು ಇಲ್ಲವೆಂದು ಖಚಿತವಾದವರನ್ನು ಕೆಲಸಕ್ಕೆ ಕಳಿಸಲಿ. ನಮ್ಮ ಸರ್ಕಾರ ಆ ದೇಶಗಳೊಡನೆ ಕಾರ್ಮಿಕರ ಬಗ್ಗೆ ಮಾತಿಗೆ ಕೂತಾಗಲೆಲ್ಲ ಇದನ್ನು ಕೇಳಬೇಕು.