ಒಡೆಯರಿಲ್ಲದ ಸಂಪತ್ತು ಮತ್ತು ಲಕ್ಕಮ್ಮನ ಅಕ್ಕಿ

ಯಾರಿಗೂ ಸೇರದ ವಸ್ತುವನ್ನು ಮೊದಲು ಮುಟ್ಟಿದವನು ಅದರ ಒಡೆಯನಾಗುತ್ತಾನೆಯೇ ಎಂಬ ಹಳೆಯ ಜಿಜ್ಞಾಸೆ ಈಗ ಚಂದ್ರನ ದಕ್ಷಿಣ ಧ್ರುವವನ್ನು ಕುರಿತು ಮತ್ತೆ ಎದ್ದಿದೆ. ಸೂರ್ಯನ ಬೆಳಕು ಎಂದೂ ಬೀಳದ ಅಲ್ಲಿನ ಕುಳಿಗಳಲ್ಲಿರುವ ಮಂಜುಗಡ್ಡೆಯನ್ನು ಕರಗಿಸಿ ವಿಭಜಿಸಿದರೆ ಗಗನಯಾತ್ರಿಗಳ ಉಸಿರಿಗೆ ಆಮ್ಲಜನಕವೂ ರಾಕೆಟ್ಟಿಗೆ ಇಂಧನವಾಗುವ ಜಲಜನಕವೂ ದೊರೆಯುವುದರಿಂದ, ಮನುಷ್ಯ ಅಲ್ಲಿ ನೆಲೆಯೂರುವುದು ಬಹುಮಟ್ಟಿಗೆ ಅದನ್ನೇ ನೆಚ್ಚಿದೆ. ಯಾವ ರಾಷ್ಟ್ರವೂ ಆಕಾಶಕಾಯಗಳನ್ನು ತನ್ನದಾಗಿಸಿಕೊಳ್ಳಬಾರದೆಂದು 1967ರ ಬಾಹ್ಯಾಕಾಶ ಒಪ್ಪಂದ ವಿಧಿಸಿದೆ; ಆದರೂ ಅಗೆದು ತೆಗೆದದ್ದು ಅಗೆದವರದೇ ಎಂದು ಅಮೆರಿಕ 2015ರಲ್ಲಿ ಕಾನೂನು ಮಾಡಿತು, ಭಾರತ 2023ರಲ್ಲಿ ಸಹಿ ಹಾಕಿದ ಆರ್ಟೆಮಿಸ್ ಒಡಂಬಡಿಕೆಯೂ ಗಣಿಗಾರಿಕೆ ತನ್ನಷ್ಟಕ್ಕೇ ಸ್ವಾಧೀನವಲ್ಲವೆನ್ನುತ್ತದೆ.

ಕಿತ್ತೂರು ನಾಡು ಈ ವಾದವನ್ನು ಸುಲಭವಾಗಿ ಒಪ್ಪಲಾರದು. 1824ರಲ್ಲಿ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ, ದತ್ತಕವನ್ನು ಮಾನ್ಯಮಾಡದ ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸಂಸ್ಥಾನದ ಖಜಾನೆಗೆ ಮುದ್ರೆ ಹಾಕಿಸಿದನು. ಅದನ್ನು ಎದುರಿಸಿ ನಿಂತ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಪ್ರಾಣಬಿಟ್ಟಳು. ಚಂದ್ರನಲ್ಲಿ ರಾಣಿಯೂ ಇಲ್ಲ, ಪ್ರಜೆಗಳೂ ಇಲ್ಲ, ನಿಜ. ಆದರೆ ವಾರಸುದಾರರಿಲ್ಲವೆಂದು ತೀರ್ಪು ಕೊಡುವವನೇ ಲಾಭ ಪಡೆಯುವವನೂ ಆಗಿರುವುದು ಎರಡೂ ಕಡೆ ಒಂದೇ.

ಹಾಗೆಂದು ಪೂಜ್ಯವಾದುದನ್ನು ಮುಟ್ಟಲೇಬಾರದು ಎನ್ನುವಂತಿಲ್ಲ. ಎಲ್ಲಮ್ಮನ ಗುಡ್ಡದ ಭಾರತ ಹುಣ್ಣಿಮೆಯ ಜಾತ್ರೆಗೆ ದಿನ ಗೊತ್ತುಮಾಡುವ ಚಂದ್ರ ನಮಗೆ ಪೂಜ್ಯನೇ. ಆದರೆ ಮಲಪ್ರಭಾ ನದಿಯನ್ನು ತಾಯಿಯೆನ್ನುವ ಸವದತ್ತಿ, ರಾಮದುರ್ಗದ ರೈತರೇ ನವಿಲುತೀರ್ಥದ ಅಣೆಕಟ್ಟಿನ ನೀರಿನಿಂದ ಬೆಳೆ ತೆಗೆಯುತ್ತಾರೆ.

ಎಷ್ಟು ಮುಟ್ಟಬಹುದು ಎಂಬುದಕ್ಕೆ ಬಸವಣ್ಣನ ಜೊತೆಗಾರರಾದ ಶರಣರ ಬದುಕಿನಲ್ಲಿ ಉತ್ತರವಿದೆ; ಕಲ್ಯಾಣದಿಂದ ಉಳವಿಗೆ ಅವರು ಸಾಗಿದ ಹಾದಿ ಈ ಸೀಮೆಯಲ್ಲೇ ಹಾದುಹೋಗಿದೆ. ಬಸವಣ್ಣನ ಮಡದಿ ಗಂಗಾಂಬಿಕೆಯ ಐಕ್ಯಸ್ಥಳವು ಕಿತ್ತೂರಿಗೆ ಸಮೀಪದ ಎಂ.ಕೆ. ಹುಬ್ಬಳ್ಳಿಯಲ್ಲಿ, ಮಲಪ್ರಭೆಯ ಒಡಲಲ್ಲೇ ಇದೆ. ದುಡಿಮೆಯನ್ನೇ ಪೂಜೆಯೆಂದು ತಿಳಿಯುವ ಕಾಯಕವೂ, ಗಳಿಸಿದ್ದನ್ನು ಸಮಾಜಕ್ಕೆ ಸಲ್ಲಿಸುವ ದಾಸೋಹವೂ ಶರಣರ ಧರ್ಮದಲ್ಲಿ ಬೇರೆಬೇರೆಯಲ್ಲ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಆಯ್ದಕ್ಕಿ ಮಾರಯ್ಯನ ಕಾಯಕವಾಗಿತ್ತು. ಆ ಅಕ್ಕಿಗೆ ಹಕ್ಕುದಾರರಿರಲಿಲ್ಲ, ಆಯುವ ಶ್ರಮ ಅವನದೇ, ಯಾರಿಗೂ ನಷ್ಟವಿಲ್ಲ. ಆದರೂ ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ ಮಡದಿ ಲಕ್ಕಮ್ಮ ಅದನ್ನು ಆಸೆಯೆಂದು ಗುರುತಿಸಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಇಂದಿನ ಕಾನೂನುಗಳು ಯಾರು ತೆಗೆಯಬಹುದೆಂದು ಕೇಳುತ್ತವೆ, ಎಷ್ಟು ತೆಗೆಯಬಹುದೆಂದು ಕೇಳುವುದಿಲ್ಲ. ಮನುಷ್ಯರ ಕಾಲಮಾನದಲ್ಲಿ ಮತ್ತೆ ತುಂಬದ ಮಂಜುಗಡ್ಡೆಯ ವಿಷಯದಲ್ಲಿ ಲಕ್ಕಮ್ಮನ ಪ್ರಶ್ನೆಯೇ ಮೊದಲು ಬರಬೇಕು. ಚಂದ್ರನ ಸಂಪತ್ತನ್ನು ಮನುಕುಲದ ಸಾಮಾನ್ಯ ಸ್ವತ್ತೆಂದು ಕರೆದು, ಅದರ ಫಲವನ್ನು ನ್ಯಾಯವಾಗಿ ಹಂಚಬೇಕೆಂದ 1979ರ ಚಂದ್ರ ಒಪ್ಪಂದವು ದಾಸೋಹಕ್ಕೆ ಹತ್ತಿರದ್ದು. 1982ರಲ್ಲಿ ಅದಕ್ಕೆ ಸಹಿ ಹಾಕಿಯೂ ಅನುಮೋದಿಸದ ಭಾರತ, ತನ್ನ ಗಗನಯಾತ್ರಿಗಳು ಅಲ್ಲಿಗೆ ಹೋಗುವ ಮುನ್ನವೇ ಅದನ್ನು ಅನುಮೋದಿಸುವುದು ಯುಕ್ತ.