ಸೊಂಟದ ಪಿಸ್ತೂಲು ಮತ್ತು ಮನಸ್ಸಿನ ಲಗಾಮು

ಭಯವು ಮನುಷ್ಯ ಸಹಜವಾದ ಭಾವನೆ. ಅದನ್ನು ಇಸ್ಲಾಮ್ ಪಾಪವೆಂದು ಹೇಳಿಲ್ಲ. ಪ್ರವಾದಿ ಮೂಸಾ(ಅ)ರು ಭಯಪಟ್ಟ ಸಂದರ್ಭಗಳನ್ನು ಪವಿತ್ರ ಕುರ್‌ಆನ್ ಮುಚ್ಚಿಡದೆ ತಿಳಿಸಿದೆ. ಆದರೆ ಭಯ ಬಂದಾಗ ಮನುಷ್ಯನು ಏನನ್ನು ಕೈಗೆತ್ತಿಕೊಳ್ಳುತ್ತಾನೆ, ಎತ್ತಿಕೊಂಡದ್ದು ಅವನನ್ನು ಏನು ಮಾಡುತ್ತದೆ ಎಂಬುದು ಮಾತ್ರ ವಿಚಾರಣೆಗೆ ಒಳಪಡುವ ವಿಷಯ.

ಪ್ರಿಯ ಓದುಗರೇ, ಮುಡಬಿಯಂತಹ ಊರಿನ ಒಬ್ಬ ಧಾನ್ಯ ವ್ಯಾಪಾರಿಯನ್ನು ಊಹಿಸಿಕೊಳ್ಳಿ. ತೊಗರಿ, ಉದ್ದು, ಸೋಯಾ ಸುಗ್ಗಿಯಲ್ಲಿ ಅವರು ಬಸವಕಲ್ಯಾಣಕ್ಕೋ ಹುಮನಾಬಾದಿಗೋ ಹೋಗಿ, ಸಂಜೆ ನಗದು ಕಟ್ಟಿಕೊಂಡು ಬೈಕಿನಲ್ಲಿ ಮರಳುತ್ತಾರೆ. ದಾರಿಯುದ್ದಕ್ಕೂ ಹೊಲ, ಕತ್ತಲೆ. 2025ರ ಜನವರಿ 16ರಂದು ಬೀದರ್ ನಗರದ ನಡುವೆ, ಹಾಡಹಗಲೇ, ಬ್ಯಾಂಕಿನ ಮುಂದೆ ಎ.ಟಿ.ಎಂ.ಗೆ ಹಣ ತುಂಬುವ ಸಿಬ್ಬಂದಿಯ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಗುಂಡು ಹಾರಿಸಿ ಪೆಟ್ಟಿಗೆ ಎತ್ತಿಕೊಂಡು ಹೋದರು. ಒಬ್ಬ ಬಡ ನೌಕರನ ಪ್ರಾಣ ಹೋಯಿತು. ಅಂತಹ ಸುದ್ದಿ ಕೇಳಿದ ಮೇಲೆ ಆ ವ್ಯಾಪಾರಿಯು, ನನ್ನ ಸೊಂಟದಲ್ಲಿಯೂ ಒಂದು ಪಿಸ್ತೂಲು ಇರಲಿ, ಅಂಗಿಯೊಳಗೆ ಯಾರಿಗೂ ಕಾಣದ ಹಾಗೆ ಪ್ರತಿದಿನ ಇರಲಿ ಎಂದು ಬಯಸಿದರೆ ಅವರನ್ನು ನಾವು ಹೇಗೆ ದೂರಬಹುದು? ಇದು ಹೇಡಿಯ ಪ್ರಶ್ನೆಯೂ ಅಲ್ಲ, ಪುಂಡನ ಪ್ರಶ್ನೆಯೂ ಅಲ್ಲ. ಹೆಂಡತಿ ಮಕ್ಕಳಿರುವ ಒಬ್ಬ ಸಭ್ಯ ಗೃಹಸ್ಥನ ಪ್ರಶ್ನೆ. ಆದ್ದರಿಂದ ಅದಕ್ಕೆ ಸಭ್ಯವಾದ ಉತ್ತರ ಬೇಕು.

ಹಕ್ಕು ಇದೆ, ಅದಕ್ಕೆ ಮಿತಿಯೂ ಇದೆ

ಆತ್ಮರಕ್ಷಣೆಯ ಹಕ್ಕನ್ನು ಇಸ್ಲಾಮ್ ಸ್ಪಷ್ಟವಾಗಿ ಮಾನ್ಯ ಮಾಡಿದೆ. ತನ್ನ ಸೊತ್ತನ್ನು ರಕ್ಷಿಸಿಕೊಳ್ಳುವಾಗ ಕೊಲ್ಲಲ್ಪಟ್ಟವನು ಹುತಾತ್ಮನೆಂದು ಪ್ರವಾದಿವರ್ಯರು(ಸ) ತಿಳಿಸಿರುವ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲಿಯೂ ಇದೆ. ಒಂಟೆಯನ್ನು ಕಟ್ಟಿ ಹಾಕಿ ಆ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬ ಅವರ ಉಪದೇಶವೂ ನಮಗೆಲ್ಲ ಗೊತ್ತು. ಮುಂಜಾಗ್ರತೆಯು ತವಕ್ಕುಲ್‌ಗೆ ವಿರುದ್ಧವಲ್ಲ.

ಆದರೆ ಧರ್ಮಶಾಸ್ತ್ರಜ್ಞರು ಈ ಹಕ್ಕಿಗೆ ಒಂದು ಕ್ರಮವನ್ನು ಗೊತ್ತುಪಡಿಸಿದ್ದಾರೆ. ಆಕ್ರಮಣಕಾರನನ್ನು ಹಗುರವಾದ ಉಪಾಯದಿಂದ ತಡೆಯಲು ಸಾಧ್ಯವಿರುವಾಗ ಭಾರವಾದುದನ್ನು ಬಳಸಬಾರದು. ಮಾತಿನಿಂದ ಹೋಗುವವನಿಗೆ ಕೈ ಎತ್ತಬಾರದು, ಕೈಯಿಂದ ತಡೆಯಬಹುದಾದವನಿಗೆ ಆಯುಧ ಎತ್ತಬಾರದು, ಓಡಿಹೋಗುತ್ತಿರುವವನ ಬೆನ್ನು ಹತ್ತಿ ಕೊಲ್ಲಬಾರದು. ನಮ್ಮ ದೇಶದ ಕಾನೂನಿನ ಆಶಯವೂ ಇದಕ್ಕೆ ಹತ್ತಿರವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು, ಹಿಂದಿನ ದಂಡ ಸಂಹಿತೆಯಂತೆಯೇ, ಖಾಸಗಿ ರಕ್ಷಣೆಯ ಹಕ್ಕನ್ನು ಕೊಟ್ಟು, ರಕ್ಷಣೆಗೆ ಅಗತ್ಯವಿರುವುದಕ್ಕಿಂತ ಹೆಚ್ಚಿನ ಹಾನಿ ಮಾಡಬಾರದೆಂದು ಮಿತಿ ಹಾಕಿದೆ. ಅಧಿಕಾರಿಗಳ ನೆರವು ಪಡೆಯಲು ಸಮಯಾವಕಾಶವಿದ್ದರೆ ಆ ಹಕ್ಕು ಒದಗುವುದಿಲ್ಲ.

ಇನ್ನು ಆಯುಧವನ್ನು ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಹಕ್ಕಲ್ಲ, ಸರಕಾರವು ಕೊಡುವ ಅನುಮತಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ 21 ವರ್ಷ ತುಂಬಿದವರು ಅರ್ಜಿ ಹಾಕಬೇಕು, ಪೊಲೀಸರ ವರದಿ ಬರಬೇಕು, ಪ್ರಾಣಕ್ಕೆ ಅಪಾಯವಿದೆಯೆಂದು ಮನವರಿಕೆಯಾಗಬೇಕು. 2016ರ ನಿಯಮಗಳು ತರಬೇತಿಯ ಪ್ರಮಾಣಪತ್ರವನ್ನೂ ಕೇಳುತ್ತವೆ. ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಒರೆಯಲ್ಲಿಟ್ಟು, ಪೂರ್ತಿ ಮುಚ್ಚಿ, ತನ್ನ ಹತೋಟಿಯಲ್ಲಿಟ್ಟುಕೊಂಡೇ ಒಯ್ಯಬೇಕು, ಝಳಪಿಸಬಾರದು. ಲೈಸೆನ್ಸ್ ಇಲ್ಲದ ನಾಡ ಪಿಸ್ತೂಲನ್ನು ಕದ್ದುಮುಚ್ಚಿ ಕೊಳ್ಳುವವನ ವಿಷಯದಲ್ಲಿ ಚರ್ಚೆಯ ಅಗತ್ಯವೇ ಇಲ್ಲ. ಅವನು ಕಾಯ್ದೆಯ ಅಪರಾಧಿ ಮಾತ್ರವಲ್ಲ, ಕಳ್ಳರಿಂದ ರಕ್ಷಣೆ ಬಯಸಿ ಕಳ್ಳರಿಗೇ ಗಿರಾಕಿಯಾದವನು.

ಆಯ್ಕೆ ಮತ್ತು ಅಭ್ಯಾಸ

ಸರಿ, ನ್ಯಾಯವಾದ ಕಾರಣವಿದೆ, ಲೈಸೆನ್ಸೂ ಸಿಕ್ಕಿತು ಎನ್ನೋಣ. ಯಾವ ಆಯುಧ? ಕಾನ್ಪುರದ ಕಾರ್ಖಾನೆಯ .32 ರಿವಾಲ್ವರ್ ನಮ್ಮಲ್ಲಿ ಹಳೆಯ ಪರಿಚಯದ್ದು. 2014ರಲ್ಲಿ ಮಹಿಳೆಯರಿಗಾಗಿಯೆಂದು ಹೊರಬಂದ 'ನಿರ್ಭೀಕ್' ಎಂಬ ರಿವಾಲ್ವರಿನ ತೂಕ ಸುಮಾರು 500 ಗ್ರಾಮ್, ಬೆಲೆ ಮಾತ್ರ ಆಗಲೇ ಒಂದು ಲಕ್ಷ ರೂಪಾಯಿ ದಾಟಿತ್ತು. ರಿವಾಲ್ವರಿನ ತಿರುಗುವ ಗಾಲಿಯನ್ನು ಹೊರಗೆ ತೆರೆದರೆ ಗುಂಡು ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಪಿಸ್ತೂಲಿನ ಹಿಡಿಯೊಳಗಿಂದ ಮ್ಯಾಗಜಿನ್ ತೆಗೆದ ಮೇಲೂ ನಳಿಕೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. ಖಾಲಿಯಿದೆ ಎಂದು ತಿಳಿದು ಟ್ರಿಗರ್ ಒತ್ತಿದವರ ಕೈಯಿಂದ ಎಷ್ಟೋ ಮಕ್ಕಳೂ ಮಿತ್ರರೂ ಸತ್ತಿದ್ದಾರೆ. ಇನ್ನು ಚಿಕ್ಕದು, ಹಗುರವಾದದ್ದು ಬಚ್ಚಿಡಲು ಸುಲಭ, ಗುರಿಯಿಟ್ಟು ಹೊಡೆಯಲು ಕಷ್ಟ. ಅದರ ಒದೆತವೂ ಹೆಚ್ಚು. ಅಂದರೆ ಅಂಗಿಯೊಳಗೆ ಹಾಯಾಗಿ ಕೂರುವ ಆಯುಧವೇ ಅತಿ ಹೆಚ್ಚು ಅಭ್ಯಾಸವನ್ನು ಬೇಡುತ್ತದೆ.

ಅಭ್ಯಾಸದ ಮೊದಲ ಪಾಠಗಳನ್ನು ಇಂದಿನ ಎಲ್ಲ ತರಬೇತುದಾರರೂ ಒಂದೇ ಬಾಯಲ್ಲಿ ಹೇಳುತ್ತಾರೆ. ಪ್ರತಿಯೊಂದು ಆಯುಧವೂ ತುಂಬಿದೆಯೆಂದೇ ತಿಳಿ. ಹೊಡೆಯಬಾರದ್ದರ ಕಡೆಗೆ ಅದರ ಬಾಯಿ ತಿರುಗಿಸಬೇಡ. ಹೊಡೆಯಲು ನಿರ್ಧರಿಸುವವರೆಗೆ ಟ್ರಿಗರಿನ ಮೇಲೆ ಬೆರಳಿಡಬೇಡ. ಗುರಿಯ ಹಿಂದೆ ಯಾರಿದ್ದಾರೆಂದು ನೋಡು. ಓದುಗರೇ, ಈ ಪಾಠಗಳನ್ನು ಕೇಳುವಾಗ ನಿಮಗೆ ಏನಾದರೂ ನೆನಪಾಗುವುದಿಲ್ಲವೇ? ಸಹೋದರನ ಕಡೆಗೆ ಆಯುಧವನ್ನು ತೋರಿಸಬಾರದು, ಶೈತಾನನು ಕೈಯನ್ನು ಜಾರಿಸಿಬಿಟ್ಟರೆ ನರಕದ ಹೊಂಡಕ್ಕೆ ಬೀಳುವ ಅಪಾಯವಿದೆ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದರು. ತಮಾಷೆಗೆ ತೋರಿಸಿದೆ ಎಂಬ ನೆಪಕ್ಕೆ ಅಲ್ಲಿ ಜಾಗವೇ ಇಲ್ಲ. ಮಸೀದಿ ಮತ್ತು ಮಾರುಕಟ್ಟೆಯಲ್ಲಿ ಬಾಣಗಳನ್ನು ಒಯ್ಯುವವನು ಅವುಗಳ ಮೊನೆಯನ್ನು ಕೈಯಲ್ಲಿ ಹಿಡಿದುಕೊಳ್ಳಬೇಕೆಂದು ಆದೇಶಿಸಿದ್ದರು. ಒರೆಯಿಂದ ಹೊರತೆಗೆದ ಖಡ್ಗವನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವುದನ್ನು ತಡೆದಿದ್ದರು. ಇಂದು ಗುಂಡು ತೆಗೆದು, ಗಾಲಿ ತೆರೆದು ತೋರಿಸಿಯೇ ರಿವಾಲ್ವರನ್ನು ಇನ್ನೊಬ್ಬರ ಕೈಗೆ ಕೊಡಬೇಕೆಂಬ ಶಿಸ್ತು ಅದೇ ಆದೇಶದ ಮುಂದುವರಿಕೆಯಲ್ಲವೇ?

ಹಜ್ಜ್ ದಿನಗಳಲ್ಲಿ ಮಿನಾದ ಜನಜಂಗುಳಿಯಲ್ಲಿ ಹ. ಅಬ್ದುಲ್ಲಾ ಇಬ್ನು ಉಮರ್(ರ)ರ ಪಾದಕ್ಕೆ ಯಾರದೋ ಈಟಿಯ ಮೊನೆ ಚುಚ್ಚಿತು. ನೋಡಲು ಬಂದ ಹಜ್ಜಾಜನು ಚುಚ್ಚಿದವನು ಯಾರೆಂದು ವಿಚಾರಿಸಿದಾಗ, ಆಯುಧ ಒಯ್ಯಬಾರದ ದಿನದಲ್ಲಿ, ಆಯುಧ ತರಬಾರದ ಜಾಗಕ್ಕೆ ಅದನ್ನು ತರಲು ಅವಕಾಶ ಕೊಟ್ಟ ನೀನೇ ಎಂದು ಅವರು ಆ ಅಧಿಕಾರಿಯ ಮುಖಕ್ಕೇ ಹೇಳಿದರು. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸುವ ಮೋಜಿಗೆ 2019ರ ತಿದ್ದುಪಡಿ ಕಾಯ್ದೆಯು ಎರಡು ವರ್ಷದವರೆಗಿನ ಸೆರೆವಾಸವನ್ನು ಗೊತ್ತುಪಡಿಸಿದೆ. ಮೇಲೆ ಹೋದ ಗುಂಡು ಯಾರದೋ ತಲೆಯ ಮೇಲೆ ಬೀಳುತ್ತದೆಂಬುದನ್ನು ತಿಳಿಯಲು ಕಾಯ್ದೆ ಬರುವವರೆಗೂ ಕಾಯಬೇಕಾಗಿರಲಿಲ್ಲ.

ಏನೂ ಆಗದ ದಿನಗಳ ಪರೀಕ್ಷೆ

ಪಿಸ್ತೂಲು ಸೊಂಟದಲ್ಲಿದ್ದ ಮಾತ್ರಕ್ಕೆ ಪ್ರಾಣ ಉಳಿಯುತ್ತದೆಯೇ? ಅಮೆರಿಕದ ಒಬ್ಬ ಪೊಲೀಸ್ ತರಬೇತುದಾರ ಡೆನ್ನಿಸ್ ಟ್ಯೂಲರ್ 1983ರಲ್ಲಿ ತೋರಿಸಿಕೊಟ್ಟಂತೆ, ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಮುಟ್ಟುತ್ತಾನೆ. ಅಂಗಿ ಸರಿಸಿ, ಆಯುಧ ಎಳೆದು, ಗುರಿಯಿಡಲು ಪಳಗಿದವನಿಗೂ ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕು. ಹ. ಉಮರ್(ರ)ರ ಮೇಲೆ ಹಲ್ಲೆ ನಡೆದದ್ದು ಕ್ರಿ.ಶ. 644ರಲ್ಲಿ, ಪ್ರಭಾತದ ನಮಾಝಿನಲ್ಲಿ, ಬಟ್ಟೆಯೊಳಗೆ ಬಚ್ಚಿಟ್ಟು ತಂದ ಎರಡು ಅಲಗಿನ ಕಠಾರಿಯಿಂದ. ನಮ್ಮ ನಾಡಿನಲ್ಲಿ ಡಾ. ಎಂ.ಎಂ. ಕಲಬುರ್ಗಿಯವರು 2015ರಲ್ಲಿ ಮನೆಯ ಬಾಗಿಲಲ್ಲಿ, ಗೌರಿ ಲಂಕೇಶ್ 2017ರಲ್ಲಿ ಮನೆಯ ಮುಂದೆ ಗುಂಡಿಗೆ ಬಲಿಯಾದರು. ಬಚ್ಚಿಟ್ಟ ಆಯುಧವು ಮೊದಲು ಕೈ ಎತ್ತುವವನಿಗೇ ಹೆಚ್ಚು ಅನುಕೂಲ. ಸಜ್ಜನನಾದವನು ಮೊದಲು ಕೈ ಎತ್ತುವುದಿಲ್ಲ. ಆದ್ದರಿಂದ ಅವನ ಪಿಸ್ತೂಲು ಅವನು ನೆನೆಸಿದಷ್ಟು ಬಲವಾದ ರಕ್ಷಣೆಯಲ್ಲ.

ಆದರೆ ನಿಜವಾದ ಪರೀಕ್ಷೆ ದರೋಡೆಯ ಆ ಒಂದು ಸಂಜೆಯದ್ದಲ್ಲ. ಅದು ಬಹುಶಃ ಜೀವಮಾನದಲ್ಲಿ ಒಮ್ಮೆಯೂ ಬರಲಾರದು. ಪರೀಕ್ಷೆಯಿರುವುದು ಏನೂ ಆಗದ ಉಳಿದ ಸಾವಿರಾರು ದಿನಗಳಲ್ಲಿ. ಆಯುಧ ಪ್ರತಿದಿನ ಸೊಂಟದಲ್ಲಿದೆ. ಹಾಗೆಯೇ ಹೊಲದ ಬದುವಿನ ಜಗಳವೂ ಇದೆ, ಬಾಕಿ ಕೊಡದ ಗಿರಾಕಿಯ ಉಡಾಫೆಯೂ ಇದೆ, ಬಸ್ ನಿಲ್ದಾಣದಲ್ಲಿ ಮೈಮೇಲೆ ಬಿದ್ದವನ ಬೈಗುಳವೂ ಇದೆ, ಅಣ್ಣತಮ್ಮಂದಿರ ಆಸ್ತಿಯ ತಕರಾರೂ ಇದೆ. ಬರಿಗೈಯವನು ಇವನ್ನೆಲ್ಲ ನುಂಗಿಕೊಂಡು ಮನೆಗೆ ಹೋಗುತ್ತಾನೆ. ಆಯುಧವಿದ್ದವನ ಕೈ ಒಮ್ಮೆ ಸೊಂಟವನ್ನು ಮುಟ್ಟಿ ನೋಡುತ್ತದೆ. ಆ ಮುಟ್ಟುವಿಕೆಯಲ್ಲಿ ಒಂದು ಅಹಂಕಾರ ಹುಟ್ಟುತ್ತದೆ. ಎದುರಿಗಿರುವವನ ಜೀವ ನನ್ನ ಕೈಯಲ್ಲಿದೆ, ಅವನಿಗೆ ಗೊತ್ತಿಲ್ಲ ಅಷ್ಟೇ ಎಂಬ ಗುಟ್ಟಾದ ಸಂತೋಷ ಅದು. ಜೀವ ಮರಣಗಳ ಒಡೆಯನು ಅಲ್ಲಾಹನು ಮಾತ್ರನೆಂದು ನಂಬಿದವನ ಹೃದಯಕ್ಕೆ ಇದಕ್ಕಿಂತ ದೊಡ್ಡ ರೋಗ ಬೇಕೇ?

ಮೂಸಾ(ಅ)ರ ಚರಿತ್ರೆಯನ್ನು ಮತ್ತೊಮ್ಮೆ ನೆನೆಯಿರಿ. ನಗರದಲ್ಲಿ ಇಬ್ಬರ ಜಗಳ. ಒಬ್ಬನು ತಮ್ಮವನು, ನೆರವಿಗೆ ಕರೆದನು. ಅವರು ಗುದ್ದಿದರು, ಎದುರಾಳಿ ಸತ್ತನು. ಅವರ ಕೈಯಲ್ಲಿ ಆಯುಧವಿರಲಿಲ್ಲ, ಕೊಲ್ಲುವ ಉದ್ದೇಶವೂ ಇರಲಿಲ್ಲ. ಆದರೂ ಅವರು ಅದನ್ನು ಶೈತಾನನ ಕೆಲಸವೆಂದು ತಿಳಿದು ಕ್ಷಮೆ ಯಾಚಿಸಿದರು. ಬರಿಗೈಯ ಬಲವೇ ಇಷ್ಟು ಅಪಾಯಕಾರಿಯಾದರೆ, ಬೆರಳಿನ ಒಂದು ಒತ್ತಿಗೆ ಸಾವನ್ನು ಕಳುಹಿಸುವ ಉಪಕರಣವನ್ನು ಕಟ್ಟಿಕೊಂಡು ತಿರುಗುವವನು ಎಷ್ಟು ನಡುಗಬೇಕು!

ಇದಲ್ಲದೆ, ಆಯುಧವು ಮನೆಗೂ ಬರುತ್ತದೆ. ಅಮೆರಿಕದಲ್ಲಿ ಬಂದೂಕಿನಿಂದ ಸಂಭವಿಸುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆತ್ಮಹತ್ಯೆಗಳು. ಸಾಲ, ಬೆಳೆನಷ್ಟ, ಮನೋವೇದನೆಗಳ ಕತ್ತಲೆ ಯಾವ ಮನೆಗೂ ಬರಬಹುದು. ಆ ರಾತ್ರಿ ಕೈಗೆಟಕುವ ಜಾಗದಲ್ಲಿ ಪಿಸ್ತೂಲು ಇಲ್ಲದಿರುವುದೂ ಅಲ್ಲಾಹನ ಒಂದು ಅನುಗ್ರಹವೇ.

ನಮ್ಮ ಸೀಮೆ ಕಂಡ ಪಾಠ

ಒಬ್ಬ ವ್ಯಕ್ತಿಯ ಭಯದ ಮಾತಾಯಿತು. ಒಂದು ಸಮುದಾಯವೇ ಭಯದಿಂದಲೋ ಅಭಿಮಾನದಿಂದಲೋ ಆಯುಧವನ್ನು ನಂಬಿದರೆ ಏನಾಗುತ್ತದೆಂಬುದನ್ನು ಮುಡಬಿಯವರು ದೂರದ ಇತಿಹಾಸದಲ್ಲಿ ಹುಡುಕಬೇಕಾಗಿಲ್ಲ. 1948ರಲ್ಲಿ ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಖಾಸಿಮ್ ರಝ್ವಿಯ ನಾಯಕತ್ವದ ರಝಾಕಾರರು ರಕ್ಷಣೆಯ ಹೆಸರಿನಲ್ಲಿಯೇ ಆಯುಧ ಹಿಡಿದಿದ್ದರು. ಆ ವರ್ಷದ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರ್ಟಾದಲ್ಲಿ ಅವರ ಕೈಯಿಂದ ಬಹಳ ಮಂದಿ ಗ್ರಾಮಸ್ಥರು ಹತರಾದರು. ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ, ಅವರ ನೀತಿಯನ್ನು ವಿರೋಧಿಸಿ ಬರೆದ 'ಇಮ್ರೋಝ್' ಪತ್ರಿಕೆಯ ಸಂಪಾದಕ ಶುಐಬುಲ್ಲಾ ಖಾನ್ ಕೊಲೆಯಾದರು. ಅವರೂ ಮುಸ್ಲಿಮರೇ. ಸಮುದಾಯದ ಹೆಸರಿನಲ್ಲಿ ಎತ್ತಿದ ಆಯುಧವು ಸಮುದಾಯದ ಪ್ರಾಮಾಣಿಕ ನಾಲಿಗೆಯನ್ನೇ ಕತ್ತರಿಸಿತು.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಪ್ರವೇಶಿಸಿತು. ಐದು ದಿನಗಳಲ್ಲಿ ರಝಾಕಾರರ ಆರ್ಭಟವೆಲ್ಲ ಮುಗಿಯಿತು. ಆದರೆ ಅದರ ಬೆಲೆಯನ್ನು ತೆತ್ತವರು ಯಾರು? ಪಂಡಿತ್ ಸುಂದರಲಾಲ್ ಸಮಿತಿಯ ವರದಿಯು, ಆ ಕಾರ್ಯಾಚರಣೆಯ ಸಮಯದಲ್ಲಿ ಮತ್ತು ಆ ಬಳಿಕ ಸಂಸ್ಥಾನದಲ್ಲಿ 27,000ದಿಂದ 40,000 ಜನ ಪ್ರಾಣ ಕಳೆದುಕೊಂಡರೆಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರ್ ಮತ್ತು ಗುಲ್ಬರ್ಗಾ ಕೂಡ ಇದ್ದವು. ಹೆಚ್ಚಿನವರು ಯಾವ ಆಯುಧವನ್ನೂ ಮುಟ್ಟದ ಸಾಮಾನ್ಯ ಮುಸ್ಲಿಮರು. ಗೋರ್ಟಾದ ಅನ್ಯಾಯವು ಈ ಅನ್ಯಾಯವನ್ನು ಸಮರ್ಥಿಸುವುದಿಲ್ಲ, ಇದು ಅದನ್ನು ಅಳಿಸುವುದೂ ಇಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ದುಃಖಿಸುವುದೇ ನ್ಯಾಯ.

ಅದೇ ವರದಿಯಲ್ಲಿ ದಾಖಲಾಗಿರುವ ಇನ್ನೊಂದು ಸಂಗತಿಯಿದೆ. ಕೆಲವೆಡೆ ಹಿಂದೂ ನೇಕಾರರು ತಮ್ಮ ಜೊತೆಯ ಮುಸ್ಲಿಮ್ ನೇಕಾರರನ್ನು ಪ್ರಾಣವನ್ನೇ ಒತ್ತೆಯಿಟ್ಟು ಕಾಪಾಡಿದರು. ಒಂದೇ ಕಸುಬು, ಒಂದೇ ಓಣಿ, ಎಷ್ಟೋ ವರ್ಷಗಳ ಕೊಡುಕೊಳ್ಳುವಿಕೆ. ಆ ಭೀಕರ ದಿನಗಳಲ್ಲಿ ರಝಾಕಾರರ ಬಂದೂಕು ಯಾರನ್ನೂ ಉಳಿಸಲಿಲ್ಲ. ನೆರೆಯವನೊಂದಿಗಿನ ಸಂಬಂಧ ಉಳಿಸಿತು.

ಹಾಗಾದರೆ ಏನು ಮಾಡಬೇಕು?

ನಿಮಗೆ ನಿಜವಾದ ಬೆದರಿಕೆಯಿದ್ದರೆ ಮೊದಲು ಪೊಲೀಸರಿಗೆ ತಿಳಿಸಿರಿ. ನಗದಿನ ಬದಲು ಬ್ಯಾಂಕಿನ ಮೂಲಕ ವ್ಯವಹಾರ ಮಾಡಿರಿ. ಕತ್ತಲೆಗೆ ಮುಂಚೆ ಹೊರಡಿರಿ, ಒಬ್ಬರೇ ಹೊರಡಬೇಡಿರಿ. ಒಂಟೆ ಕಟ್ಟುವ ಹಗ್ಗಗಳಲ್ಲಿ ಇವೆಲ್ಲ ಪಿಸ್ತೂಲಿಗಿಂತ ಗಟ್ಟಿಯಾದವು. ಇಷ್ಟಾದ ಮೇಲೂ ಅಪಾಯ ಉಳಿದರೆ, ಕಾಯ್ದೆಯ ದಾರಿಯಲ್ಲಿ ಆಯುಧ ಪಡೆಯುವುದಕ್ಕೆ ಧರ್ಮದ ಅಡ್ಡಿಯಿಲ್ಲ.

ಆದರೆ ಪಡೆಯುವ ಮುಂಚೆ ನಿಮ್ಮೊಡನೆಯೇ ಒಂದು ಕರಾರು ಮಾಡಿಕೊಳ್ಳಿರಿ. ಲೈಸೆನ್ಸ್ ಕೊಡುವ ಅಧಿಕಾರಿಯು ನೀವು ಒಯ್ಯಬಹುದೇ ಎಂದು ಕೇಳುತ್ತಾನೆ. ತರಬೇತುದಾರನು ನಿಮಗೆ ಹೊಡೆಯಲು ಬರುತ್ತದೆಯೇ ಎಂದು ಕೇಳುತ್ತಾನೆ. ಇವರಿಬ್ಬರೂ ಕೇಳದ ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಬೇಕು: ಇಂದಿನಿಂದ ನಾನು ಜಗಳದಲ್ಲಿ ಸೋಲಲು ಸಿದ್ಧನಿದ್ದೇನೆಯೇ? ಆಯುಧ ಕಟ್ಟಿದವನಿಗೆ ಕೋಪದ ಹಕ್ಕು ಇಲ್ಲ. ಬೈದವನಿಗೆ ತಿರುಗಿ ಬೈಯುವ ಹಕ್ಕೂ ಇಲ್ಲ. ಊರಿನಲ್ಲಿ ಎಲ್ಲರಿಗಿಂತ ಮೊದಲು ದಾರಿ ಬಿಡುವವನು, ಮೊದಲು ಕ್ಷಮೆ ಕೇಳುವವನು, ತಗಾದೆಯಿಂದ ಮೊದಲು ಹಿಂದೆ ಸರಿಯುವವನು ಅವನಾಗಬೇಕು. ಕುಸ್ತಿಯಲ್ಲಿ ಗೆಲ್ಲುವವನು ಬಲಶಾಲಿಯಲ್ಲ, ಕೋಪ ಬಂದಾಗ ತನ್ನನ್ನು ಹಿಡಿದುಕೊಳ್ಳುವವನೇ ಬಲಶಾಲಿ ಎಂಬ ಪ್ರವಾದಿ(ಸ) ಬೋಧನೆ ಎಲ್ಲರಿಗೂ ಅನ್ವಯಿಸುತ್ತದೆ. ಪಿಸ್ತೂಲು ಇರುವವನಿಗಂತೂ ಅದು ಲೈಸೆನ್ಸಿನ ಮೊದಲ ಷರತ್ತು.

ಈ ಕರಾರಿಗೆ ನಿಮ್ಮ ಮನಸ್ಸು ಒಪ್ಪದಿದ್ದರೆ, ದಯವಿಟ್ಟು ಅರ್ಜಿ ಹಾಕಬೇಡಿರಿ. ಒಪ್ಪಿದರೆ, ಪ್ರತಿದಿನ ಬೆಳಿಗ್ಗೆ ಅದನ್ನು ಕಟ್ಟಿಕೊಳ್ಳುವಾಗ, ಇಂದು ಇದನ್ನು ಮುಟ್ಟುವ ಸಂದರ್ಭ ಬಾರದಿರಲೆಂದು ಅಲ್ಲಾಹನಲ್ಲಿ ಪ್ರಾರ್ಥಿಸಿರಿ. ಆ ಪ್ರಾರ್ಥನೆಯನ್ನು ಮನಃಪೂರ್ವಕವಾಗಿ ಮಾಡಲು ಸಾಧ್ಯವಾಗದ ದಿನ ಆಯುಧವನ್ನು ಬೀಗ ಹಾಕಿ ಮನೆಯಲ್ಲಿಯೇ ಇಟ್ಟು ಹೊರಡಿರಿ. ಒಂದು ಜೀವವನ್ನು ಉಳಿಸಿದವನು ಇಡೀ ಮನುಕುಲವನ್ನು ಉಳಿಸಿದಂತೆ ಎಂಬುದು ನಮ್ಮ ನಂಬಿಕೆ. ಆ ದಿನ ನೀವು ಉಳಿಸುವ ಜೀವ ಯಾರದೆಂದು ನಿಮಗೆ ಎಂದೂ ತಿಳಿಯಲಾರದು. ಅಲ್ಲಾಹನಿಗೆ ತಿಳಿದಿರುತ್ತದೆ, ಅಷ್ಟು ಸಾಕು.