ಆಟಗಾರನೋ, ಗ್ರಾಹಕನೋ?

ವ್ಯಾಪಾರವು ಸ್ವತಃ ದೋಷವಲ್ಲ. ನ್ಯಾಯದಿಂದ ಗಳಿಸಿದ ದ್ರವ್ಯವನ್ನು ಗೃಹಸ್ಥಧರ್ಮವು ಒಪ್ಪಿದೆ. ಸರಕಿನ ಗುಣವನ್ನು ಹೇಳಿ ಗಿರಾಕಿಯನ್ನು ಕರೆಯುವುದು ವರ್ತಕನ ಸಹಜ ವೃತ್ತಿ. ಆದರೆ ಕೊಳ್ಳುವವನಿಗೆ ತಾನು ಅಂಗಡಿಯಲ್ಲಿ ನಿಂತಿದ್ದೇನೆಂಬ ಅರಿವೇ ಇಲ್ಲದಾಗ ನಡೆಯುವ ಮಾರಾಟವನ್ನು ವ್ಯಾಪಾರವೆಂದು ಕರೆಯಬಹುದೆ? ಮೊಬೈಲ್ ಫೋನಿನ ವಿಡಿಯೋ ಆಟಗಳು ಈ ಪ್ರಶ್ನೆಯನ್ನು ಮನೆಮನೆಯ ಹೊಸ್ತಿಲಿಗೆ ತಂದಿವೆ.

ಯಾದಗಿರಿಗೆ ಸಮೀಪದ ಹತ್ತಿಕುಣಿಯಂಥ ಊರನ್ನೇ ನೋಡಬಹುದು. ಹತ್ತಿ, ತೊಗರಿ ಬೆಳೆಯುವ ಆ ಸೀಮೆಯ ರೈತನಿಗೆ ತೂಕದ ಮೋಸ ಹೊಸದಲ್ಲ. ಆದರೂ ತಕ್ಕಡಿ ಅವನ ಕಣ್ಣೆದುರಿಗೆ ಇರುತ್ತದೆ. ಸಂಶಯ ಬಂದರೆ ಮತ್ತೊಮ್ಮೆ ತೂಗಿಸಬಹುದು. ಅದೇ ಮನೆಯ ಬಾಲಕನು ತಂದೆಯ ಫೋನಿನಲ್ಲಿ ಆಟಕ್ಕೆ ಕುಳಿತಾಗ ಅವನನ್ನೇ ತೂಗುತ್ತಿರುವ ತಕ್ಕಡಿ ಅವನಿಗೆ ಕಾಣುವುದಿಲ್ಲ.

ಆಟವು ಉಚಿತವಾಗಿ ದೊರೆಯುತ್ತದೆ. ಅವನು ಎಷ್ಟು ಹೊತ್ತು ಆಡಿದ, ಯಾವ ಹಂತದಲ್ಲಿ ಸೋತ, ಸೋತ ಮೇಲೆ ಎಷ್ಟು ಬೇಗ ಮರಳಿದ ಎಂಬುದನ್ನು ಯಂತ್ರವು ದಾಖಲಿಸಿಕೊಳ್ಳಬಲ್ಲದು. ಪ್ರತಿದಿನ ಬಂದವನಿಗೆ ಬಹುಮಾನ. ಒಂದು ದಿನ ತಪ್ಪಿಸಿದರೆ ನಷ್ಟ. ಸೋತವನು ಜಾಹೀರಾತನ್ನು ನೋಡಿದರೆ ಮತ್ತೊಂದು 'ಜೀವ'. 'ಇನ್ನು ಕೆಲವೇ ನಿಮಿಷ' ಎಂಬ ಗಡುವಿನೊಡನೆ ರಿಯಾಯಿತಿ. ರೂಪಾಯಿಯನ್ನು ಮೊದಲು ವಜ್ರ, ನಾಣ್ಯಗಳೆಂಬ ಕಲ್ಪಿತ ಹಣವಾಗಿ ಬದಲಿಸುವುದರಿಂದ ವಸ್ತುವಿನ ನಿಜವಾದ ಬೆಲೆ ಮರೆಯಾಗುತ್ತದೆ. ಹೆಚ್ಚಿನ ಆಟಗಾರರು ಒಂದು ಕಾಸನ್ನೂ ಕೊಡುವುದಿಲ್ಲ. ಆದಾಯದ ದೊಡ್ಡ ಪಾಲು ಬರುವುದು ಕೆಲವೇ ಮಂದಿಯಿಂದ. ಅಂಥವರನ್ನು ಈ ಉದ್ಯಮವು ತನ್ನ ಪರಿಭಾಷೆಯಲ್ಲಿ 'ತಿಮಿಂಗಿಲ'ಗಳೆಂದು ಕರೆಯುತ್ತದೆ. ಆಟಗಾರನನ್ನು ಬೇಟೆಯ ಪ್ರಾಣಿಯ ಹೆಸರಿನಿಂದ ಕರೆಯುವಲ್ಲಿಯೇ ಆ ದೃಷ್ಟಿ ವ್ಯಕ್ತವಾಗಿದೆ.

ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನೂ ನಕಲಿ ವಸ್ತುವಿನ ವ್ಯವಹಾರವನ್ನೂ ಎಣಿಸಿದೆ. ಬೆಲೆಯನ್ನು ಮರೆಮಾಡುವ ಕಲ್ಪಿತ ನಾಣ್ಯವು ಸುಳ್ಳು ಅಳತೆಯಲ್ಲದೆ ಮತ್ತೇನು? ಇದು ಧರ್ಮಚಿಂತಕರ ಅತಿಶಂಕೆಯಲ್ಲ. ಫೋರ್ಟ್‌ನೈಟ್ ಆಟದ ಒಡೆತನದ ಎಪಿಕ್ ಗೇಮ್ಸ್ ಸಂಸ್ಥೆಯು ಗೊಂದಲಗೊಳಿಸುವ ಗುಂಡಿಗಳ ಮೂಲಕ ಆಟಗಾರರು ಬಯಸದ ಖರೀದಿ ಮಾಡುವಂತೆ ಮಾಡಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತ್ತು. 2022ರ ಡಿಸೆಂಬರಿನಲ್ಲಿ, ಮಕ್ಕಳ ಖಾಸಗಿತನದ ಆರೋಪವೂ ಸೇರಿ, ಆ ಸಂಸ್ಥೆ 52 ಕೋಟಿ ಡಾಲರ್ ತೆರಲು ಒಪ್ಪಿತು.

ಇದಕ್ಕೆ ಪ್ರತಿವಾದವೂ ಉಂಟು. ಯಾರನ್ನೂ ಬಲವಂತಪಡಿಸಿಲ್ಲ, ಮನರಂಜನೆಯ ಸಾಧನಗಳು ವಿರಳವಾದ ಹಳ್ಳಿಯ ಮಗುವಿಗೂ ನಗರದ ಮಗುವಿನ ಆಟವೇ ಬಿಡಿಗಾಸಿಲ್ಲದೆ ದೊರೆತಿದೆ ಎಂಬುದು ಆ ವಾದ. ಅದರಲ್ಲಿ ಸತ್ಯಾಂಶವಿದೆ. ಆದರೆ ಆ ಉಚಿತದ ಖರ್ಚನ್ನು ಭರಿಸುವವರಲ್ಲಿ ತಮ್ಮ ಕೈಯನ್ನು ತಡೆಹಿಡಿಯಲಾರದವರೂ ಇದ್ದಾರೆ. ಒಬ್ಬನ ದೌರ್ಬಲ್ಯವನ್ನು ಹುಡುಕಿ ಬೆಳೆಸಿ ಅದರಿಂದ ನೂರು ಜನರಿಗೆ ಅನ್ನಸತ್ರ ನಡೆಸಿದರೆ ಅದು ದಾನವಾಗಲಾರದು.

ಕಾನೂನು ತನ್ನ ಮಟ್ಟಿಗೆ ಕೈ ಚಾಚಿದೆ. ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕವು 2021ರಲ್ಲಿ ತಂದ ತಿದ್ದುಪಡಿಯ ಪ್ರಮುಖ ವಿಧಿಗಳನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಅಂಥ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಅದರ ಬೆನ್ನಿಗೇ ಭಾರತ ಕ್ರಿಕೆಟ್ ತಂಡದ ಅಂಗಿಯಿಂದ ಡ್ರೀಮ್ ಇಲೆವೆನ್ ಹೆಸರು ಮರೆಯಾಯಿತು. ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತಕ್ಕೆ ಹೀಗೆ ಅಡ್ಡಿ ಬಂದಿತು. ಆದರೆ ಗೆಲ್ಲುವ ಹಣವಿಲ್ಲದೆ, ಕೇವಲ ಕಳೆಯುವ ಹಣವಿರುವ ಆಟಗಳು ಆ ನಿಷೇಧದ ಹೊರಗೇ ಉಳಿದಿವೆ. ಮಕ್ಕಳ ನಡವಳಿಕೆಯನ್ನು ಹಿಂಬಾಲಿಸಿ ಜಾಹೀರಾತು ತೋರುವುದಕ್ಕೆ 2023ರ ದತ್ತಾಂಶ ರಕ್ಷಣಾ ಕಾಯಿದೆಯಲ್ಲಿ ನಿರ್ಬಂಧವಿದೆ. ಆದರೆ ಮಗು ತಂದೆಯ ಹೆಸರಿನ ಫೋನಿನಲ್ಲಿ ಆಡುವಾಗ ಆಡುವವರಾರೆಂದು ಗುರುತಿಸುವುದು ಸುಲಭವಲ್ಲ.

ಕಾನೂನು ನಿಲ್ಲುವಲ್ಲಿ ವಿವೇಕದ ಕೆಲಸ ಆರಂಭವಾಗುತ್ತದೆ. ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಯಲ್ಲಿ ಕರ್ಮದ ಹೊಣೆಯನ್ನು ಹೇಳಿದೆ. ಬಲೆಯನ್ನು ಹೆಣೆಯುವ ತಂತ್ರಜ್ಞನು ಕೃತಕ್ಕೂ, ಹೆಣೆಸುವ ಒಡೆಯನು ಕಾರಿತಕ್ಕೂ ಬಾಧ್ಯನು. ಆ ಸಂಸ್ಥೆಯ ಷೇರು ಏರಿದಾಗ ಹಿಗ್ಗುವ ಹೂಡಿಕೆದಾರನೂ, ಮಗು ಸುಮ್ಮನಿದ್ದರೆ ಸಾಕೆಂದು ಫೋನು ಕೊಟ್ಟು ಮರೆಯುವ ಪಾಲಕನೂ ಅನುಮೋದನದಿಂದ ಪೂರ್ತಿ ಹೊರತಲ್ಲ. ವಾಣಿಜ್ಯವನ್ನೇ ಬಹುಕಾಲ ವೃತ್ತಿಯಾಗಿ ಹಿಡಿದು ಬಂದ, ಈಗ ಮಕ್ಕಳನ್ನು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಿಗೆ ಕಳುಹಿಸುತ್ತಿರುವ ಸಮಾಜಕ್ಕೆ ಈ ವಿಚಾರ ದೂರದ್ದಲ್ಲ.

ಮಗುವಿನ ಕೈಯಿಂದ ಫೋನನ್ನು ಕಸಿಯುವುದಕ್ಕಿಂತ, ಆಟದ ಒಳಗಿರುವ ಅಂಗಡಿಯನ್ನು ಅದಕ್ಕೆ ತೋರಿಸಿಕೊಡುವುದು ಲೇಸು. ಹಣ ಪಾವತಿಯ ಗುಪ್ತಸಂಖ್ಯೆ ಹಿರಿಯರಲ್ಲೇ ಉಳಿಯಲಿ. ಮಾರುವವನಿಗಾದರೋ ಒಂದೇ ಪರೀಕ್ಷೆ ಸಾಕು: ಗಿರಾಕಿಯನ್ನು ಯಾವ ಉಪಾಯದಿಂದ ಕೊಳ್ಳುವಂತೆ ಮಾಡಲಾಯಿತೋ ಅದನ್ನು ಅವನ ಎದುರಿನಲ್ಲಿಯೇ ತಿಳಿಯಾದ ಮಾತಿನಲ್ಲಿ ಹೇಳಲು ಸಾಧ್ಯವೆ? ಹೇಳಬಹುದಾದರೆ ಅದು ವ್ಯಾಪಾರ. ಹೇಳಲು ನಾಲಗೆ ಹಿಂಜರಿದರೆ, ಅದಕ್ಕೆ ಇರುವ ಹೆಸರು ಬೇರೆ.